ಕೌದಿಯೊಳಗಿನ ಗಾಳಿ

ಮೈಸೂರಿನ ಚಳಿ ಗೊತ್ತಲ್ಲ ಮಕ್ಕಳೇ? ಡಿಸೆಂಬರ್ ಮುಗಿಯುತ್ತ ಬಂದ ಹಾಗೆ ನಮ್ಮ ಲಕ್ಷ್ಮೀಪುರಂಗೆ ಹಾಲಿನವರು ಮಂಕಿಟೋಪಿ ಹಾಕಿಕೊಂಡು ಬರುತ್ತಾರೆ. ಚಾಮರಾಜಪುರಂ ಸ್ಟೇಷನ್ ಕಡೆಯ ರೈಲಿನ ಕೂಗು ಬೇಸಿಗೆಯಲ್ಲಿ ಕೇಳಿಸುವುದಕ್ಕಿಂತ ಹತ್ತಿರದಲ್ಲಿ ಕೇಳಿಸುತ್ತದೆ. ಅದಕ್ಕೂ ಚಳಿಯೇ ಕಾರಣ. ನೆಲದ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲಿನ ಗಾಳಿ ಸ್ವಲ್ಪ ಬೆಚ್ಚಗಿದ್ದರೆ ಆಕಾಶಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ.

ಅಂಥದ್ದೊಂದು ಭಾನುವಾರ ನಾನು ಕೌದಿಯನ್ನು, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆಯನ್ನು, ಬಿಸಿಲಿಗೆ ಹಾಕಿದ್ದೆ. ಬಿಸಿಲಿಗೆ ಹಾಕುವುದು ವಾಸನೆ ಹೋಗಲಿ ಎಂದು ಮಾತ್ರ ಅಲ್ಲ. ಹಾಸಿಗೆ ಹೊದಿಕೆಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಇರುತ್ತವೆ. ಅವು ನಮ್ಮ ಹಾಗೆ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಹೀರಿಕೊಂಡು ಬದುಕುತ್ತವೆ. ಬಟ್ಟೆ ಗರಿಗರಿಯಾಗಿ ಒಣಗಿತೋ, ಅವಕ್ಕೆ ಉಳಿಗಾಲವಿಲ್ಲ.

ಮಹಡಿ ಮನೆಯ ಮಕ್ಕಳಿಬ್ಬರು ಕೆಳಗಿಳಿದು ಬಂದರು. ಅಕ್ಕ ಆರನೇ ತರಗತಿ, ತಮ್ಮ ಎರಡನೆಯದು. ಹುಡುಗ ಬಂದವನೇ ಕೌದಿಯ ಒಂದು ತುದಿ ಹಿಡಿದು ಒಳಗೆ ನುಸುಳಿಕೊಂಡ.

"ಅಜ್ಜಿ, ಇದು ಬಿಸಿ ಇದೆ!"

"ಬಿಸಿಲಲ್ಲಿ ಇದೆಯಲ್ಲೋ, ಅದಕ್ಕೆ," ಎಂದಳು ಅಕ್ಕ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು ನನ್ನ ಕಡೆ ತಿರುಗಿದಳು. "ಆದ್ರೆ ಅಜ್ಜಿ, ರಾತ್ರಿ ಬಿಸಿಲಿರಲ್ಲ. ಆಗಲೂ ಹೊದ್ದುಕೊಂಡರೆ ಬೆಚ್ಚಗಾಗುತ್ತಲ್ಲ, ಆ ಬಿಸಿ ಎಲ್ಲಿಂದ ಬರುತ್ತೆ?"

ಒಳ್ಳೆಯ ಪ್ರಶ್ನೆ ಸಿಕ್ಕರೆ ನನಗೆ ಕಾಫಿ ತಣ್ಣಗಾಗುವುದೂ ನೆನಪಿರುವುದಿಲ್ಲ. ಉತ್ತರ ಹೇಳುವ ಬದಲು ಫ್ರಿಜ್‌ನಿಂದ ಐಸ್ ತಂದೆ. ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಿಗೆ ನಾಲ್ಕು ನಾಲ್ಕು ಐಸ್ ತುಂಡು ಹಾಕಿ ಮುಚ್ಚಿದೆವು. ಕೌದಿಯನ್ನು ನೆರಳಿಗೆ ತಂದು ತಣ್ಣಗಾಗಲು ಬಿಟ್ಟೆವು. ಆಮೇಲೆ ಒಂದು ಡಬ್ಬಿಯನ್ನು ಅದರಲ್ಲಿ ಚೆನ್ನಾಗಿ ಸುತ್ತಿಟ್ಟು, ಇನ್ನೊಂದನ್ನು ಪಕ್ಕದಲ್ಲೇ ಜಗಲಿಯ ಮೇಲೆ ಹಾಗೇ ಇಟ್ಟೆವು.

"ಯಾವುದು ಬೇಗ ಕರಗುತ್ತೆ, ಹೇಳಿ."

"ಕೌದಿ ಒಳಗಿರೋದು!" ಎಂದ ಹುಡುಗ. ಅವನಿಗೆ ಅನುಮಾನವೇ ಇರಲಿಲ್ಲ. ಕೌದಿ ಬೆಚ್ಚಗಿನ ವಸ್ತು, ಬೆಚ್ಚಗಿರುವುದರ ಒಳಗಿಟ್ಟರೆ ಐಸ್ ಕರಗಲೇಬೇಕು. ನೀವೂ ಹಾಗೇ ಅಂದುಕೊಂಡಿದ್ದರೆ ಮುಂದೆ ಓದುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ.

ಒಂದೂವರೆ ಗಂಟೆ ಕಳೆದು ನೋಡಿದೆವು. ಜಗಲಿಯ ಡಬ್ಬಿಯಲ್ಲಿ ಬರೀ ನೀರು. ಕೌದಿಯೊಳಗಿನ ಡಬ್ಬಿಯನ್ನು ಅಲ್ಲಾಡಿಸಿದರೆ ಟಣ್ ಟಣ್ ಎಂದಿತು. ನಾಲ್ಕೂ ತುಂಡುಗಳು ಮೂಲೆ ಸವೆದು ದುಂಡಗಾಗಿದ್ದವು, ಆದರೆ ನಾಲ್ಕೂ ಇದ್ದವು. ಹುಡುಗನ ಮುಖ ನೋಡಬೇಕಿತ್ತು! ನನಗೆ ಮೋಸ ಮಾಡಿದ್ದೀರಿ ಎಂಬಂತೆ ಕೌದಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

ಕೌದಿಗೆ ತನ್ನದೇ ಬಿಸಿ ಎಂಬುದು ಇಲ್ಲವೇ ಇಲ್ಲ. ಇವತ್ತು ರಾತ್ರಿ ಮಲಗುವ ಮೊದಲು ನಿಮ್ಮ ಹೊದಿಕೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿರುತ್ತದೆ. ಹೊದ್ದು ಹತ್ತು ನಿಮಿಷವಾದ ಮೇಲೆ ಬೆಚ್ಚಗಿರುತ್ತದೆ. ಆ ಬಿಸಿ ನಿಮ್ಮದು. ನಮ್ಮ ಮೈಯ ಒಳಗೆ ಸುಮಾರು 37 ಡಿಗ್ರಿ ಇರುತ್ತದೆ, ಜನವರಿಯ ಬೆಳಗಿನ ಜಾವ ಮೈಸೂರಿನಲ್ಲಿ 15-16 ಡಿಗ್ರಿ. ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ ಶಾಖ ಹರಿಯುತ್ತಲೇ ಇರುತ್ತದೆ, ಏರಿಯಿಂದ ತಗ್ಗಿಗೆ ನೀರು ಹರಿದ ಹಾಗೆ. ನಿದ್ದೆ ಮಾಡುವ ದೊಡ್ಡವರ ಮೈ ಸುಮಾರು 70 ವ್ಯಾಟ್‌ನಷ್ಟು ಶಾಖ ಹೊರಬಿಡುತ್ತದೆ. ಹಳೆಯ ಕಾಲದ, ಮುಟ್ಟಿದರೆ ಕೈ ಸುಡುತ್ತಿದ್ದ ಬಲ್ಬ್ ಒಂದನ್ನು ರಾತ್ರಿಯಿಡೀ ಉರಿಸಿದ ಲೆಕ್ಕ. ಕೌದಿ ಮಾಡುವುದು ಒಂದೇ ಕೆಲಸ, ಈ ಶಾಖಕ್ಕೆ ದಾರಿ ಬಿಡದೆ ನಿಲ್ಲುವುದು. ಒಳಗಿನ ಶಾಖ ಬೇಗ ಹೊರಗೆ ಹೋಗದು, ಹೊರಗಿನದು ಬೇಗ ಒಳಗೆ ಬಾರದು. ಐಸ್ ಡಬ್ಬಿಯ ವಿಷಯದಲ್ಲಿ ಆದದ್ದು ಎರಡನೆಯದು.

ಹಾಗಾದರೆ ಈ ಬಟ್ಟೆಯಲ್ಲಿ ಶಾಖವನ್ನು ತಡೆಯುವುದು ಯಾವುದು? ನೂಲು ಎಂದರೆ ಅರ್ಧ ಉತ್ತರ. ಹತ್ತಿಯ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಗಾಳಿಯದು. ಒಂದರ ಮೇಲೊಂದು ನಾಲ್ಕು ಪದರ ಹಾಕಿ ಹೊಲಿದರೆ ಪದರ ಪದರದ ನಡುವೆ ಮತ್ತಷ್ಟು ಗಾಳಿ ಸೇರಿಕೊಳ್ಳುತ್ತದೆ. ಗಾಳಿ ನಿಂತಲ್ಲೇ ನಿಂತಿದ್ದರೆ ಶಾಖ ದಾಟಿಸುವುದರಲ್ಲಿ ಅದರಷ್ಟು ಸೋಮಾರಿಗಳು ಬಹಳ ಕಡಿಮೆ. ನಿಮ್ಮ ಅಜ್ಜಿ ತಾತನ ಕಾಲದ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಇತ್ತಲ್ಲ, ಆ ತಾಮ್ರ ನಿಂತ ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ. ಅದಕ್ಕೇ ಒಲೆಯ ಉರಿ ಹಂಡೆಯ ನೀರಿಗೆ ಅಷ್ಟು ಬೇಗ ತಲುಪುವುದು.

ಆದರೆ ಗಾಳಿ ಓಡಾಡಲು ಶುರುಮಾಡಿದರೆ ಕಥೆ ಬೇರೆ. ಬೆಚ್ಚಗಾದ ಗಾಳಿ ಮೇಲೇರಿ ಹೋಗುತ್ತದೆ, ಅದರ ಜಾಗಕ್ಕೆ ತಣ್ಣನೆಯದು ಬಂದು ಮತ್ತಷ್ಟು ಶಾಖ ಹೊತ್ತುಕೊಂಡು ಹೋಗುತ್ತದೆ. ನಿಂತ ಗಾಳಿ ಸೋಮಾರಿ, ಓಡಾಡುವ ಗಾಳಿ ಕಳ್ಳ! ಆದ್ದರಿಂದ ಹೊದಿಕೆ ಹೊಲಿಯುವವರ ಜಾಣತನವೆಲ್ಲ ಗಾಳಿಯನ್ನು ಹಿಡಿದು ಸಣ್ಣ ಸಣ್ಣ ಕೋಣೆಗಳಲ್ಲಿ ಕೂರಿಸುವುದರಲ್ಲಿದೆ. ಚಳಿಯಲ್ಲಿ ಪಾರಿವಾಳ ಗರಿ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂರುವುದನ್ನು ನೋಡಿದ್ದೀರಾ? ಅದು ಮಾಡುವುದೂ ಇದನ್ನೇ.

ಒದ್ದೆ ಕೌದಿ ಯಾಕೆ ಬೆಚ್ಚಗಿರುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಗಾಳಿ ಕೂರಬೇಕಾದ ಕೋಣೆಗಳಿಗೆ ನೀರು ನುಗ್ಗಿರುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ದಾಟಿಸುತ್ತದೆ. ಸಾಲದ್ದಕ್ಕೆ ಆ ನೀರು ಆವಿಯಾಗುತ್ತ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಹುಡುಗಿ ಕೌದಿಯ ಮೇಲೆ ಬೋರಲು ಮಲಗಿ ತುಂಡುಗಳನ್ನು ಎಣಿಸುತ್ತಿದ್ದಳು. "ಇದು ಸ್ಕೂಲ್ ಯೂನಿಫಾರ್ಮ್ ಅಜ್ಜಿ! ಇದು ಲುಂಗಿ. ಇದು ಸೀರೆ ಅಂಚು. ಈ ಮೂಲೆಯಲ್ಲಿ ಏನಿದು, ಹೂವಾ?"

ಹೌದು, ಹೂವು. ಆ ಹೂವಿನಿಂದಲೇ ಈ ಕೌದಿ ಯಾರದು ಎಂದು ಹೇಳಬಹುದು.

ಕೌದಿ ನಮ್ಮ ನಾಡಿಗೆ ಹೊಸದಲ್ಲ. ಧಾರವಾಡ, ಹಾವೇರಿ, ಬಾಗಲಕೋಟೆಯ ಕಡೆ ಮನೆಮನೆಯಲ್ಲೂ ಹಳೆಯ ಸೀರೆ ಧೋತರಗಳು ಕೊನೆಗೆ ಕೌದಿಯಾಗುತ್ತಿದ್ದವು. ನನ್ನ ಕೌದಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದ ಕಡೆಯದು. ಹೊಲಿದವರು ಸಿದ್ದಿ ಹೆಣ್ಣುಮಗಳೊಬ್ಬರು. ಸಿದ್ದಿಯರು ಇದಕ್ಕೆ ಕವಂದಿ ಎಂದೂ ಹೇಳುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ, ಒಂದರ ಮೇಲೊಂದು ಇಟ್ಟು ಹೊಲಿದಿರುವ ಈ ಅಲಂಕಾರಕ್ಕೆ ಅವರು ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬಟ್ಟೆ ತೊಡದ ಮಗುವಿನ ಹಾಗೆ, ಮುಗಿದ ಕೆಲಸವೇ ಅಲ್ಲ.

ಸಿದ್ದಿಯರು ಯಾರು ಎಂದು ಹೇಳಬೇಕಾದರೆ ಒಂದು ನೋವಿನ ಕಥೆ ಹೇಳಬೇಕು. ಮಕ್ಕಳಿಗೆ ಬೇಡ ಎಂದು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಮನುಷ್ಯರನ್ನು ಸಂತೆಯ ದನಗಳ ಹಾಗೆ ಮಾರುತ್ತಿದ್ದ ಕಾಲವೊಂದಿತ್ತು. ಪೋರ್ಚುಗೀಸರು 1510ರಲ್ಲಿ ಗೋವಾವನ್ನು ಹಿಡಿದರು. ಆಮೇಲಿನ ಮೂರು ನೂರಕ್ಕೂ ಹೆಚ್ಚು ವರ್ಷ ಆಫ್ರಿಕಾದ ಪೂರ್ವ ಕರಾವಳಿಯಿಂದ ಗಂಡಸರು, ಹೆಂಗಸರು, ಮಕ್ಕಳನ್ನು ಹಡಗಿನಲ್ಲಿ ತಂದು ಗುಲಾಮರನ್ನಾಗಿ ಮಾಡಿಕೊಂಡರು. ಅರಬ್ ವ್ಯಾಪಾರಿಗಳೂ ಈ ಕೆಲಸ ಮಾಡುತ್ತಿದ್ದರು. ಹಿಂಸೆ ತಾಳದೆ ಓಡಿಹೋದವರಿಗೆ ಗೋವಾದ ಬೆನ್ನಿಗಿರುವ ಸಹ್ಯಾದ್ರಿಯ ಕಾಡು ಆಸರೆಯಾಯಿತು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಸುತ್ತಮುತ್ತ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ನಮ್ಮ ನಿಮ್ಮಷ್ಟೇ ಈ ನಾಡಿನವರು.

ಅಜ್ಜ ಮುತ್ತಜ್ಜ ಎಲ್ಲಿಂದ ಬಂದರು ಎಂಬ ದಾಖಲೆ ಕಾಗದದಲ್ಲಿ ಇಲ್ಲದಿದ್ದರೂ ಮೈಯ ಜೀವಕೋಶಗಳಲ್ಲಿ ಬರೆದಿರುತ್ತದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಸಿದ್ದಿಯರ ಡಿಎನ್ಎ ಓದಿ 2011ರಲ್ಲಿ ಪ್ರಕಟಿಸಿದರು. ಆಫ್ರಿಕಾದಲ್ಲಿ ಬಂಟು ಭಾಷೆಗಳನ್ನಾಡುವ ಜನರ ಗುರುತು ಅದರಲ್ಲಿ ಸ್ಪಷ್ಟವಾಗಿತ್ತು, ಜೊತೆಗೆ ಭಾರತದವರ ಗುರುತೂ ಇತ್ತು. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಆ ಸಮುದಾಯದ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿಗೆ ಹೋದರು.

ಆಫ್ರಿಕಾ ಎಂದರೆ ನಮಗೆ ಮೃಗಾಲಯದ ಜಿರಾಫೆ ನೆನಪಾಗುತ್ತದೆ. ಅದಕ್ಕಿಂತ ಹತ್ತಿರದ ನಂಟು ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯನ್ನು ಮನುಷ್ಯ ಮೊದಲು ಬೇಸಾಯಕ್ಕೆ ತಂದದ್ದು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ. ಜೋಳವೂ ಆಫ್ರಿಕಾದ್ದೇ. ಸಾರಿಗೆ ಹಾಕುವ ಹುಣಸೆಯ ತವರೂ ಅದೇ. ಕಾಫಿ ಇಥಿಯೋಪಿಯಾದ ಗಿಡ. ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಆನೆಗಾತ್ರದ ಮರಗಳಿವೆ, ಅವು ಆಫ್ರಿಕಾದ ಬಾವೊಬಾಬ್.

"ಹಾಗಾದ್ರೆ ಅಜ್ಜಿ," ಎಂದಳು ಹುಡುಗಿ, "ರಾತ್ರಿ ನಾವು ಮುದ್ದೆ ತಿಂತೀವಿ. ಅದರಿಂದ ಮೈ ಬಿಸಿ ಆಗುತ್ತೆ. ಆ ಬಿಸಿನ ಕೌದಿ ಹಿಡಿದಿಡುತ್ತೆ. ಎರಡೂ ಅಲ್ಲಿಂದಲೇ ಬಂದಿದ್ದಾ?"

ಮುದ್ದೆಯ ಮಟ್ಟಿಗೆ ಹೌದು ಎಂದೆ. ಕೌದಿಯ ವಿಷಯ ಅಷ್ಟು ಸುಲಭವಲ್ಲ.

ಹಳೆಯ ಬಟ್ಟೆ ಸೇರಿಸಿ ಹೊಲಿಯುವುದು ಕನ್ನಡ ನಾಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಸಿದ್ದಿ ಹೆಂಗಸರು ಅದನ್ನು ನೆರೆಹೊರೆಯವರಿಂದ ಕಲಿತಿರಬಹುದು, ಕಲಿತ ಮೇಲೆ ತಮ್ಮ ಕಣ್ಣಿಗೆ ಒಪ್ಪುವ ಹಾಗೆ ಮಾಡಿಕೊಂಡಿರಬಹುದು. ಅವರ ಕೌದಿಯಲ್ಲಿ ಕಡುಗೆಂಪಿನ ಪಕ್ಕ ಹಸಿರು, ಅದರ ಪಕ್ಕ ಹಳದಿ. ಎಡಬದಿಗೂ ಬಲಬದಿಗೂ ಹೊಂದಿಕೆ ಇರಲೇಬೇಕೆಂಬ ಹಟವಿಲ್ಲ. ಮಕ್ಕಳ ಪುಟ್ಟ ಕೌದಿಗಳ ಮೇಲಂತೂ ಬಣ್ಣದ ಚಿಕ್ಕ ಚೌಕಗಳು ಒಂದರ ಮೇಲೊಂದು ಕುಣಿಯುತ್ತವೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಆಫ್ರಿಕಾದ ಕಲೆಯನ್ನು ಜೀವಮಾನವಿಡೀ ಓದಿದವರು. 2004ರಿಂದ ಇಲ್ಲಿಗೆ ಬಂದು ಸಿದ್ದಿ ಹೆಂಗಸರ ಜೊತೆ ಕೂತು ಈ ಕೆಲಸವನ್ನು ಬರೆದಿಟ್ಟರು. ಹೊಲಿಯುವವರ ಸಹಕಾರಿ ಸಂಘ ಕಟ್ಟಲು ನೆರವಾದರು. ಆ ಕೌದಿಗಳು ನ್ಯೂಯಾರ್ಕಿನಲ್ಲೂ ಪ್ರದರ್ಶನ ಕಂಡವು. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ, ಅಲ್ಲೂ ಗುಲಾಮರಾಗಿ ಹೋದವರ ಮೊಮ್ಮಕ್ಕಳು ಹಳೆಯ ಪ್ಯಾಂಟು ಅಂಗಿಗಳಿಂದ ಹೊದಿಕೆ ಹೊಲಿಯುತ್ತಾರೆ. ಅವುಗಳ ಚಿತ್ರ 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂತು. ಆ ಹೊದಿಕೆಗಳ ಚಿತ್ರ ನೋಡಿದಾಗಲೆಲ್ಲ ನನಗೆ ಯಲ್ಲಾಪುರದ ಅಂಗಳ ಕಣ್ಣ ಮುಂದೆ ಬರುತ್ತದೆ.

ಆಫ್ರಿಕಾದಲ್ಲೇ ಬಟ್ಟೆಯನ್ನು ಜೋಡಿಸುವ ವಿದ್ಯೆ ಬಹಳ ಬೆಳೆದಿದೆ. ಘಾನಾ ದೇಶದ ಕುಮಾಸಿ ನಗರದ ಹತ್ತಿರ ಬೊನ್‌ವಿರೆ ಎಂಬ ಹಳ್ಳಿಯಿದೆ. ಅಲ್ಲಿನ ಮಗ್ಗದ ಮನೆಗಳಲ್ಲಿ ನೇಕಾರರು ಅಂಗೈ ಅಗಲದ ಉದ್ದುದ್ದ ಪಟ್ಟಿಗಳನ್ನು ನೇಯುತ್ತಾರೆ. ಆಮೇಲೆ ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದರೆ ಕೆಂಟೆ ಎಂಬ ದೊಡ್ಡ ಹೊದಿಕೆ ಆಗುತ್ತದೆ. ಕಾಂಗೋದ ಕುಬಾ ಜನ ರಾಫಿಯಾ ಎಂಬ ತಾಳೆಜಾತಿಯ ಗರಿಯ ನಾರಿನಿಂದ ಬಟ್ಟೆ ನೇಯುತ್ತಾರೆ. ನಾರು ಬಲು ಒರಟು, ಮೆತ್ತಗಾಗಲಿ ಎಂದು ಒರಳಿನಲ್ಲಿ ಹಾಕಿ ಕುಟ್ಟುತ್ತಾರೆ. ಕುಟ್ಟುವಾಗ ಅಲ್ಲಲ್ಲಿ ತೂತಾಗುತ್ತದೆ, ತೂತಿಗೆ ತೇಪೆ ಹಾಕುತ್ತಾರೆ. ಹೀಗೆ ಹಾಕಿದ ತೇಪೆಯೇ ಮುಂದೆ ಚಿತ್ತಾರವಾಯಿತು ಎಂದು ಹೇಳುತ್ತಾರೆ.

ಮಾಲಿ ದೇಶದ ಬೊಗೊಲಾನ್‌ಫಿನಿಯ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೊಗೊ ಎಂದರೆ ಕೆಸರು, ಫಿನಿ ಎಂದರೆ ಬಟ್ಟೆ. ಬಟ್ಟೆಯನ್ನು ಮೊದಲು ಒಂದು ಮರದ ಎಲೆಯ ರಸದಲ್ಲಿ ಅದ್ದುತ್ತಾರೆ, ಹಳದಿಯಾಗುತ್ತದೆ. ಅದರ ಮೇಲೆ ಕೆರೆಯ ತಳದಿಂದ ತಂದು ಮಡಕೆಯಲ್ಲಿ ತಿಂಗಳುಗಟ್ಟಲೆ ಕಳಿಯಲು ಬಿಟ್ಟ ಕೆಸರಿನಿಂದ ಚಿತ್ರ ಬರೆಯುತ್ತಾರೆ. ಒಣಗಿದ ಮೇಲೆ ತೊಳೆದರೆ ಕೆಸರು ಹೋಗುತ್ತದೆ, ಕಪ್ಪು ಮಾತ್ರ ಬಟ್ಟೆಯಲ್ಲೇ ಉಳಿಯುತ್ತದೆ. ಆ ಕಪ್ಪು ಎಲ್ಲಿಂದ ಬಂತು? ನಿಮ್ಮ ಮನೆಯ ಈಳಿಗೆಮಣೆಯನ್ನು ಕೇಳಿ. ಕಬ್ಬಿಣದ ಈಳಿಗೆಮಣೆಯಲ್ಲಿ ನೆಲ್ಲಿಕಾಯಿ ಹೆಚ್ಚಿದರೆ ಕಾಯಿಯೂ ಕಪ್ಪು, ಕೈಯೂ ಕಪ್ಪು. ನೆಲ್ಲಿಕಾಯಿಯ ಒಗರಿಗೆ ಟ್ಯಾನಿನ್ ಎಂಬ ವಸ್ತು ಕಾರಣ. ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಡುಕಪ್ಪು ಬಣ್ಣ ಹುಟ್ಟುತ್ತದೆ. ಮಾಲಿಯ ಎಲೆಯ ರಸದಲ್ಲಿ ಟ್ಯಾನಿನ್ ಇದೆ, ಕೆರೆಯ ಕೆಸರಿನಲ್ಲಿ ಕಬ್ಬಿಣ ಇದೆ. ನಮ್ಮಲ್ಲೂ ಬಟ್ಟೆಗೆ ಬಣ್ಣ ಹಾಕುವವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಇದೇ ಕಪ್ಪನ್ನು ತೆಗೆಯುತ್ತಿದ್ದರು. ಬೇಕಾದರೆ ಹಾಲು ಹಾಕದ ಗಟ್ಟಿ ಟೀ ಡಿಕಾಕ್ಷನ್‌ಗೆ ಒಂದು ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಎಷ್ಟು ಕಪ್ಪಾಗಿರುತ್ತದೆ ನೋಡಿ. ಮೊಳೆಯನ್ನು ದೊಡ್ಡವರ ಕೈಯಲ್ಲಿ ಹಾಕಿಸಿ, ಆ ಟೀ ಯಾರೂ ಕುಡಿಯದ ಹಾಗೆ ಚೀಟಿ ಅಂಟಿಸಿ.

ನಮ್ಮ ಕೌದಿಗೆ ಬರೋಣ. ಹುಡುಗನಿಗೆ ಈ ದೇಶಗಳ ಹೆಸರೆಲ್ಲ ಸಾಕಾಗಿತ್ತು. ಅವನು ತೇಪೆಯೊಂದನ್ನು ಹಿಡಿದು ಎಳೆಯುತ್ತಿದ್ದ. "ಹರಿಯಲ್ವಾ ಅಜ್ಜಿ ಇದು?"

"ಎಳಿ, ನೋಡೋಣ," ಎಂದೆ. ಅವನ ಅಕ್ಕನಿಗೆ ಗಾಬರಿ. ಎಷ್ಟು ಎಳೆದರೂ ಹರಿಯಲಿಲ್ಲ.

ಹಳೆಯ ಹತ್ತಿಸೀರೆಗೆ ಒಂದು ಕಡೆ ಕತ್ತರಿಯಿಂದ ಚೂರು ಕಚ್ಚು ಹಾಕಿ ಎಳೆದರೆ ಪರ್ರ್ ಎಂದು ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ಹರಿಯುತ್ತದೆ. ಸೀರೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂದು ಎರಡು ಬಗೆಯ ನೂಲುಗಳಿವೆ. ಹರಿತ ಶುರುವಾದರೆ ಎಳೆತವೆಲ್ಲ ಅದರ ತುದಿಯಲ್ಲಿರುವ ಒಂದೆರಡು ನೂಲಿನ ಮೇಲೆ ಬೀಳುತ್ತದೆ. ಅವು ಕಿತ್ತರೆ ಮುಂದಿನವು, ಅವೂ ಕಿತ್ತರೆ ಅದರ ಮುಂದಿನವು. ಅದೇ ಬಟ್ಟೆಯನ್ನು ಓರೆಯಾಗಿ, ಮೂಲೆಯಿಂದ ಮೂಲೆಗೆ ಹರಿಯಲು ನೋಡಿ. ಬಟ್ಟೆ ಹಿಗ್ಗುತ್ತದೆಯೇ ಹೊರತು ಹರಿಯುವುದಿಲ್ಲ. ಕೌದಿಯಲ್ಲಿ ಒಂದು ತುಂಡಿನ ನೂಲು ಒಂದು ದಿಕ್ಕಿಗಿದ್ದರೆ ಪಕ್ಕದ್ದು ಬೇರೆ ದಿಕ್ಕಿಗಿರುತ್ತದೆ, ಕೆಳಗಿನ ಪದರದ್ದು ಮತ್ತೊಂದು ದಿಕ್ಕಿಗೆ. ಎಲ್ಲಾದರೂ ಹರಿತ ಶುರುವಾದರೂ ತುಂಡಿನ ಅಂಚಿಗೆ ಬಂದು ದಾರಿ ತಪ್ಪಿ ನಿಲ್ಲುತ್ತದೆ.

ಇದನ್ನು ದಿನಪತ್ರಿಕೆಯಿಂದಲೂ ತಿಳಿಯಬಹುದು. ನಿನ್ನೆಯ ಪೇಪರಿನ ಒಂದು ಹಾಳೆಯನ್ನು ಮೇಲಿನಿಂದ ಕೆಳಗೆ ಹರಿಯಿರಿ, ಇನ್ನೊಂದನ್ನು ಅಡ್ಡಕ್ಕೆ ಹರಿಯಿರಿ. ಒಂದು ನೆಟ್ಟಗೆ ಹರಿಯುತ್ತದೆ, ಮತ್ತೊಂದು ಸೊಟ್ಟಸೊಟ್ಟಗೆ. ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅದಕ್ಕೇ ಹಾಗೆ. ಈಗ ಎರಡು ಹಾಳೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಬರುವಂತೆ ಅಂಟಿಸಿ, ಒಣಗಿದ ಮೇಲೆ ಹರಿದು ನೋಡಿ. ಪ್ಲೈವುಡ್ ಮಾಡುವವರು ಮರದ ಹಾಳೆಗಳನ್ನು ಹೀಗೇ ಅಡ್ಡಡ್ಡ ಅಂಟಿಸುತ್ತಾರೆ.

ಹೊಲಿಗೆಯನ್ನೂ ಹತ್ತಿರದಿಂದ ನೋಡಿದೆವು. ಭೂತಗನ್ನಡಿ ಕೊಟ್ಟೆ. ದಾರ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಮತ್ತೆ ಮೇಲೆ. ಎಲ್ಲರಿಗೂ ಬರುವ ಸಾದಾ ಹೊಲಿಗೆ. ಒಂದು ಕಡೆ ದಾರ ತುಂಡಾಗಿತ್ತು, ಆದರೂ ಆಚೀಚೆಯ ಹೊಲಿಗೆ ಬಿಚ್ಚಿಕೊಂಡಿರಲಿಲ್ಲ. ದನ ಕಟ್ಟುವವರನ್ನು ನೋಡಿದ್ದರೆ ಇದು ಅರ್ಥವಾಗುತ್ತದೆ. ಜಗ್ಗುವ ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಸಣ್ಣ ಹುಡುಗನೂ ಹಿಡಿದು ನಿಲ್ಲಬಹುದು. ಹಗ್ಗ ಬಾಗಿದಷ್ಟೂ ತಿಕ್ಕಾಟ, ತಿಕ್ಕಾಟ ಹೆಚ್ಚಿದಷ್ಟೂ ಹಿಡಿತ. ಕೌದಿಯ ದಾರ ಪ್ರತಿ ಹೊಲಿಗೆಯಲ್ಲೂ ಬಾಗುತ್ತದೆ. ಹತ್ತಿಪ್ಪತ್ತು ಸಲ ಬಾಗಿದ ದಾರವನ್ನು ಎಳೆದು ತೆಗೆಯುವುದು ಯಾರಿಗೂ ಸುಲಭವಲ್ಲ.

ಸಿದ್ದಿ ಹೆಂಗಸರು ಹೊಲಿಯುವ ಕ್ರಮವೇ ಒಂದು ಚೆಂದ. ಕೆಳಗೆ ಹಳೆಯ ಹತ್ತಿಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಉದ್ದಕ್ಕೂ ಬಟ್ಟೆಯ ತುಂಡುಗಳನ್ನು ಇಟ್ಟುಕೊಳ್ಳುತ್ತ ಹೊಲಿಯುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ಮೊದಲು ನಕ್ಷೆ ಬರೆದುಕೊಳ್ಳುವುದಿಲ್ಲ, ಟೇಪು ಹಿಡಿದು ಅಳೆಯುವುದಿಲ್ಲ. ಮುಂದಿನ ತುಂಡು ಯಾವುದು ಎಂದು ಕೈಗೆ ಬಂದಾಗ ಕಣ್ಣು ಹೇಳುತ್ತದೆ. ಈ ಒತ್ತೊತ್ತಾದ ಸುತ್ತುಗಳ ನಡುವೆಯೇ ನಾನು ಹೇಳಿದ ಆ ಸಣ್ಣ ಕೋಣೆಗಳು ಹುಟ್ಟುವುದು, ಗಾಳಿ ಅಲ್ಲಾಡದೆ ಕೂರುವುದು. ಬಳಸಿ ಬಳಸಿ ಮೆತ್ತಗಾದ ಬಟ್ಟೆ ಮೈಗೆ ಅಂಟಿಕೊಂಡು ಕೂರುತ್ತದೆ, ಹೊಸ ಬಟ್ಟೆಯ ಗಂಜಿಯ ಬಿರುಸು ಅದಕ್ಕಿಲ್ಲ. ಬದಿಯ ಸಂದಿಗಳಲ್ಲಿ ತಣ್ಣನೆಯ ಗಾಳಿ ನುಗ್ಗುವುದೂ ಕಡಿಮೆ.

"ಒಟ್ಟು ಎಷ್ಟು ಹೊಲಿಗೆ ಇರಬಹುದು ಅಜ್ಜಿ?"

ಎಣಿಸಲು ಕೂತರೆ ಸಂಜೆಯಾಗುತ್ತದೆ, ಅಂದಾಜು ಮಾಡೋಣ ಎಂದೆ. ಅಂದಾಜು ಮಾಡುವುದೂ ವಿಜ್ಞಾನದ ದೊಡ್ಡ ವಿದ್ಯೆ. ಹುಡುಗಿಯ ಗೇಣು ಸ್ಕೇಲಿನಲ್ಲಿ 17 ಸೆಂಟಿಮೀಟರ್. ಒಂದು ಗೇಣಿನಲ್ಲಿ 24 ಹೊಲಿಗೆಗಳಿದ್ದವು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ಸೆಂಟಿಮೀಟರ್. ಕೌದಿ 180 ಸೆಂಟಿಮೀಟರ್ ಉದ್ದ, 120 ಸೆಂಟಿಮೀಟರ್ ಅಗಲ. ಸುತ್ತುತ್ತ ಹೋಗುವ ದಾರಿಯ ಉದ್ದ ಕಂಡುಹಿಡಿಯುವುದು ಕಷ್ಟ ಎನಿಸುತ್ತದೆ, ಆದರೆ ಒಂದು ಉಪಾಯವಿದೆ. ಆ ದಾರಿಯನ್ನು ಬಿಚ್ಚಿ ನೇರ ಮಾಡಿದರೆ ಒಂದೂವರೆ ಸೆಂಟಿಮೀಟರ್ ಅಗಲದ ಒಂದು ಉದ್ದನೆಯ ರಿಬ್ಬನ್ ಆಗುತ್ತದೆ. ಕೌದಿಯ ವಿಸ್ತೀರ್ಣವೂ ರಿಬ್ಬನ್ನಿನ ವಿಸ್ತೀರ್ಣವೂ ಒಂದೇ. 180ನ್ನು 120ರಿಂದ ಗುಣಿಸಿ, ಒಂದೂವರೆಯಿಂದ ಭಾಗಿಸಿದರೆ 14,400 ಸೆಂಟಿಮೀಟರ್, ಅಂದರೆ 144 ಮೀಟರ್. ಗೇಣಿಗೆ 24 ಹೊಲಿಗೆಯಂತೆ ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಮುಗಿಸಿ ತಲೆಯೆತ್ತಿದಳು.

"ಇಪ್ಪತ್ತು ಸಾವಿರ!"

ಮೂವರೂ ಗೇಟಿನ ಹತ್ತಿರ ಹೋಗಿ ರಸ್ತೆ ನೋಡಿದೆವು. ನಮ್ಮ ಮನೆಯಿಂದ ತಿರುವಿನ ಅಂಗಡಿಯವರೆಗೆ ಹೆಜ್ಜೆ ಹಾಕಿ ಅಳೆದರೆ ಹೆಚ್ಚುಕಡಿಮೆ ಆ 144 ಮೀಟರಿನಷ್ಟೇ ದೂರ. ಅಷ್ಟು ಉದ್ದಕ್ಕೂ ಒಬ್ಬರು ನೆಲದ ಮೇಲೆ ಕೂತು ಇಪ್ಪತ್ತು ಸಾವಿರ ಸಲ ಸೂಜಿ ಚುಚ್ಚಿ ತೆಗೆದಿದ್ದಾರೆ, ಗದ್ದೆ ಮನೆ ಕೆಲಸವೆಲ್ಲ ಮುಗಿದ ಮೇಲೆ. ಈ ಕೌದಿ ಕೊಂಡ ದಿನ ನನ್ನ ಜೊತೆಯಲ್ಲಿದ್ದವರೊಬ್ಬರು, ಹಳೇ ಬಟ್ಟೆಗೆ ಇಷ್ಟು ದುಡ್ಡೇ ಎಂದು ಚೌಕಾಸಿ ಮಾಡಿದ್ದರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಈಗಲೂ ನನ್ನನ್ನು ಚುಚ್ಚುತ್ತದೆ. ಬಟ್ಟೆಗೆ ಬೆಲೆ ಇಲ್ಲದಿರಬಹುದು, 144 ಮೀಟರ್ ಹೊಲಿಗೆಗೆ ಇದೆ. ನೀವು ದೊಡ್ಡವರಾಗಿ ಕೌದಿ ಕೊಳ್ಳುವ ದಿನ ಬಂದರೆ ಮೊದಲು ಒಂದು ಗೇಣಿನ ಹೊಲಿಗೆ ಎಣಿಸಿ, ಆಮೇಲೆ ಬೆಲೆ ಮಾತಾಡಿ.

ಸಂಜೆ ಹುಡುಗಿ ಮಹಡಿಯಿಂದ ಒಂದು ಚೀಲ ತಂದಳು. ತಮ್ಮನ ಚಿಕ್ಕದಾದ ಅಂಗಿಗಳು, ಅವಳ ಹಳೆಯ ಫ್ರಾಕು, ಅಮ್ಮನ ಒಂದು ಹತ್ತಿಸೀರೆ. ಗೊಂಬೆಗೆ ಹೊದಿಸುವಷ್ಟು ದೊಡ್ಡ ಕೌದಿಯೊಂದನ್ನು ಶುರುಮಾಡಿದ್ದೇವೆ, ಮೂಲೆಯಿಂದಲೇ. ಮೊದಲನೇ ಸುತ್ತು ಸ್ವಲ್ಪ ಸೊಟ್ಟವಾಗಿದೆ. ಮುಗಿದ ಮೇಲೆ ಅದರಲ್ಲೂ ಐಸ್ ಸುತ್ತಿಟ್ಟು ನೋಡಬೇಕಂತೆ ಹುಡುಗನಿಗೆ.

ನೀವೂ ಶುರುಮಾಡಿ. ಹೊಲಿಯಲು ಬರದಿದ್ದರೆ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇರುತ್ತಾರೆ, ಕಲಿಸಿಕೊಡಿ ಎಂದು ಕೇಳಿ. ವಯಸ್ಸಾದ ಹಾಗೆ ಅವರ ಕಣ್ಣಿನ ಮಸೂರ ಗಟ್ಟಿಯಾಗುತ್ತ ಹೋಗಿರುತ್ತದೆ. ಹತ್ತಿರದ ವಸ್ತು ನೋಡಲು ಅದು ಉಬ್ಬಬೇಕು, ನಲವತ್ತು ದಾಟಿದ ಮೇಲೆ ಅಷ್ಟು ಉಬ್ಬಲಾರದು. ಅವರ ಕೈಗೆ ಹೊಲಿಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ, ಸೂಜಿಯ ಕಣ್ಣು ಮಾತ್ರ ಕಾಣಿಸುವುದಿಲ್ಲ. ದಾರ ನೀವು ಪೋಣಿಸಿ ಕೊಡಿ.